ಶುಕ್ರ, ಮಂಗಳ, ಟೈಟನ್: ಯಾವ ಲೋಕಕ್ಕೆ ಯಾವ ಬಲೂನು, ಕಲಬುರಗಿಯ ಹೊಲದಲ್ಲಿ ಯಾವುದನ್ನು ಕಟ್ಟಿ ನೋಡಬಹುದು?

ಗ್ರಹಶೋಧದ ಬಲೂನನ್ನು ಪ್ರಾಜೆಕ್ಟ್ ಆಗಿ ಆರಿಸಿಕೊಂಡ ವಿದ್ಯಾರ್ಥಿಗಳು ಮೊದಲು ಕೇಳುವುದು ಅದು ಎಷ್ಟು ತೂಕ ಎತ್ತುತ್ತದೆ ಎಂದು. ಆ ಉತ್ತರ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಯಾವ ಜಾತಿಯ ಬಲೂನು ಬೇಕು ಎಂಬುದನ್ನು ತೀರ್ಮಾನಿಸುವ ಪ್ರಶ್ನೆ ಬೇರೆ ಇದೆ: ಹೊತ್ತು ಮುಳುಗಿದ ಮೇಲೆ ಅದು ಏನಾಗುತ್ತದೆ? ಹಗಲಲ್ಲಿ ತೇಲುವ ಬಲೂನುಗಳು ಬೇಕಾದಷ್ಟಿವೆ. ರಾತ್ರಿ ಕಳೆದು ಮರುದಿನದ ಸೂರ್ಯನನ್ನು ನೋಡುವ ಬಲೂನು ಬೇಕೆಂದರೆ ವಸ್ತು, ಅನಿಲ, ಆಕಾರ ಎಲ್ಲವನ್ನೂ ಆ ಒಂದು ಅಗತ್ಯಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ.

ನಮ್ಮ ಭಾಗಕ್ಕೆ ದೊಡ್ಡ ಬಲೂನು ಹೊಸದಲ್ಲ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರವಿದೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಬಂದಿಳಿದ ಬಲೂನು ಅಲ್ಲಿಂದಲೇ ಹಾರಿದ್ದು. ಅದು ಝೀರೋ ಪ್ರೆಶರ್ ಜಾತಿಯದು: ತೆಳು ಪಾಲಿಥೀನ್ ಹೊದಿಕೆ, ಹೆಚ್ಚಾದ ಅನಿಲ ಹೊರಹೋಗಲು ಕೆಳಗೆ ದಾರಿ. ಹಗಲಿನ ಬಿಸಿಲಿಗೆ ಅನಿಲ ಹಿಗ್ಗಿ ಹೆಚ್ಚಿನದು ಸೋರಿಹೋಗುತ್ತದೆ. ಸಂಜೆ ತಂಪಾದಾಗ ಉಳಿದದ್ದು ಕುಗ್ಗಿ ಬಲೂನು ಇಳಿಯತೊಡಗುತ್ತದೆ. ತಡೆಯಲು ಭಾರ ಚೆಲ್ಲಬೇಕು, ಮರುದಿನ ಮತ್ತೆ ಅನಿಲ ಹೋಗುತ್ತದೆ, ಸಂಜೆ ಮತ್ತೆ ಭಾರ ಚೆಲ್ಲಬೇಕು. ಕೆಲವು ತಾಸುಗಳ ಹಾರಾಟಕ್ಕೆ ಇದಕ್ಕಿಂತ ಒಳ್ಳೆಯ, ಅಗ್ಗದ ಬಲೂನು ಇಲ್ಲ. ಆದರೆ ಕೋಟ್ಯಂತರ ಕಿಲೋಮೀಟರ್ ಆಚೆಗೆ ಮರಳು ಹೊತ್ತೊಯ್ದು ದಿನಕ್ಕಿಷ್ಟು ಚೆಲ್ಲುವುದು ಯಾವ ಯೋಜನೆಗೂ ಗಿಟ್ಟುವುದಿಲ್ಲ. ಹಾಗಾಗಿ ಬೇರೆ ಲೋಕಕ್ಕೆ ಯೋಚಿಸುವಾಗ ಈ ಜಾತಿಯನ್ನು ಮೊದಲ ಸುತ್ತಿನಲ್ಲೇ ಬದಿಗಿಡಿ.

ಎತ್ತುವ ಲೆಕ್ಕ

ಹೊದಿಕೆ, ಹಗ್ಗ, ಉಪಕರಣ ಎಲ್ಲ ಸೇರಿ 10 ಕೆಜಿ ಎತ್ತಬೇಕು, ಒಳಗೆ ಹೀಲಿಯಂ ಎಂದುಕೊಳ್ಳಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತಿರಹತ್ತಿರ 960 ಮಿಲಿಬಾರ್. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಹೀಲಿಯಂ ಇಲ್ಲಿ 950 ಗ್ರಾಂ ಎತ್ತುತ್ತದೆ. ಅಂದರೆ 10.5 ಘನ ಮೀಟರ್ ಬೇಕು, ವ್ಯಾಸ 2.7 ಮೀಟರ್.

ಶುಕ್ರದಲ್ಲಿ 55 ಕಿಮೀ ಎತ್ತರಕ್ಕೆ ಹೋಗಿ. ಅಲ್ಲಿ ಒತ್ತಡ ಅರ್ಧ ಬಾರ್‌ಗಿಂತ ತುಸು ಹೆಚ್ಚು, ತಾಪ ಸುಮಾರು 29 ಡಿಗ್ರಿ, ವಾತಾವರಣವೆಲ್ಲ ಭಾರವಾದ ಕಾರ್ಬನ್ ಡೈಆಕ್ಸೈಡ್. ಘನ ಮೀಟರಿಗೆ 830 ಗ್ರಾಂ ಎತ್ತುವ ಶಕ್ತಿ, ಬಲೂನಿನ ವ್ಯಾಸ 2.8 ಮೀಟರ್. ಕಲಬುರಗಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಶನಿಯ ಉಪಗ್ರಹ ಟೈಟನ್‌ನ ನೆಲದ ಬಳಿ ತಾಪ ಶೂನ್ಯಕ್ಕಿಂತ 179 ಡಿಗ್ರಿ ಕೆಳಗೆ, ಒತ್ತಡ ಸುಮಾರು 1.45 ಬಾರ್, ಗಾಳಿಯ ಸಾಂದ್ರತೆ ನಮ್ಮದರ ಐದು ಪಟ್ಟು. ಅಲ್ಲಿ 1.6 ಮೀಟರ್ ವ್ಯಾಸದ ಚೆಂಡು ಸಾಕು. ಮಂಗಳಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಒತ್ತಡ 6 ಮಿಲಿಬಾರ್ ಆಸುಪಾಸು, ಘನ ಮೀಟರಿಗೆ 13 ರಿಂದ 14 ಗ್ರಾಂ ಮಾತ್ರ. ಅದೇ 10 ಕೆಜಿಗೆ 740 ಘನ ಮೀಟರ್, 11 ಮೀಟರಿಗೂ ಮಿಕ್ಕ ವ್ಯಾಸ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮಂಗಳದಲ್ಲಿ ಗುರುತ್ವ ಕಡಿಮೆ, ಹಾಗಾದರೆ ಬಲೂನಿಗೆ ಸುಲಭ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆದುಬಿಡುತ್ತಾರೆ. ಗುರುತ್ವ ಕಡಿಮೆಯಾದರೆ ಬಲೂನಿನ ತೂಕದ ಜೊತೆಗೆ ಅದು ಪಕ್ಕಕ್ಕೆ ಸರಿಸಿದ ಗಾಳಿಯ ತೂಕವೂ ಅಷ್ಟೇ ಕಡಿಮೆಯಾಗುತ್ತದೆ. ಎರಡೂ ಕಡೆ ವಜಾ. ತೇಲುವ ಲೆಕ್ಕದಲ್ಲಿ ಉಳಿಯುವುದು ಸಾಂದ್ರತೆಯೊಂದೇ.

ಶುಕ್ರ: ಸೂಪರ್‌ಪ್ರೆಶರೋ, ಎತ್ತರ ಬದಲಿಸುವುದೋ

ಬೇರೆ ಗ್ರಹದಲ್ಲಿ ಇದುವರೆಗೆ ಹಾರಿದ ಬಲೂನುಗಳು ಎರಡೇ, ಎರಡೂ ಶುಕ್ರದಲ್ಲಿ. ಸೋವಿಯತ್ ಒಕ್ಕೂಟದ ವೇಗಾ-1 ಮತ್ತು ವೇಗಾ-2 ನೌಕೆಗಳು 1984ರ ಡಿಸೆಂಬರಿನಲ್ಲಿ ಹೊರಟು, 1985ರ ಜೂನ್ 11 ಮತ್ತು 15ರಂದು ತಲಾ ಒಂದು ಬಲೂನನ್ನು ಶುಕ್ರದ ಮೋಡಗಳ ನಡುವೆ ಬಿಟ್ಟು ಹ್ಯಾಲಿ ಧೂಮಕೇತುವಿನ ಕಡೆ ಸಾಗಿದವು. ಶುಕ್ರಕ್ಕೆ ಬಲೂನು ಕಳಿಸುವ ಯೋಚನೆಯನ್ನು ಮುಂದಿಟ್ಟವರು ಫ್ರಾನ್ಸಿನ ವಿಜ್ಞಾನಿ ಜಾಕ್ ಬ್ಲಾಮೊಂ. 1963ರಲ್ಲಿ ಕೇರಳದ ತುಂಬಾದಿಂದ ಹಾರಿದ ಮೊದಲ ರಾಕೆಟ್ಟಿನ ಸೋಡಿಯಂ ಆವಿ ಪ್ರಯೋಗದ ಹಿಂದೆಯೂ ಅವರೇ ಇದ್ದರು.

ವೇಗಾ ಬಲೂನು ಸುಮಾರು ಮೂರೂವರೆ ಮೀಟರ್ ವ್ಯಾಸದ್ದು, ಟೆಫ್ಲಾನ್ ಬಟ್ಟೆಯದು, ಒಟ್ಟು ತೂಕ ಸುಮಾರು 21 ಕೆಜಿ. ಸುಮಾರು 13 ಮೀಟರ್ ಹಗ್ಗದ ತುದಿಯಲ್ಲಿ ತೂಗುತ್ತಿದ್ದ ಗೊಂಡೋಲಾ, ಅಂದರೆ ಉಪಕರಣಗಳ ಬುಟ್ಟಿ, 7 ಕೆಜಿಗೂ ಕಡಿಮೆ. 54 ಕಿಮೀ ಎತ್ತರದಲ್ಲಿ ತೇಲುತ್ತ ಎರಡೂ ತಲಾ 46 ಗಂಟೆಗೂ ಹೆಚ್ಚು ಕಾಲ ಸಂಕೇತ ಕಳಿಸಿದವು. ಸೆಕೆಂಡಿಗೆ ಸುಮಾರು 70 ಮೀಟರ್ ವೇಗದ ಗಾಳಿ ಅವನ್ನು 11,000 ಕಿಮೀಗೂ ಆಚೆಗೆ ಹೊತ್ತೊಯ್ದಿತು. ಸಂಕೇತ ನಿಂತದ್ದು ಬ್ಯಾಟರಿ ಮುಗಿದದ್ದರಿಂದ. ಬಿಟ್ಟದ್ದೇ ರಾತ್ರಿಯ ಭಾಗದಲ್ಲಿ, ಹಾರಿದ್ದು ಬೆಳಗಿನ ಕಡೆಗೆ. ಅಂದರೆ ರಾತ್ರಿಯನ್ನು ತಾಳುವ ಬಲೂನೇ ಬೇಕಿತ್ತು, ಅದಕ್ಕೆ ಸೂಪರ್‌ಪ್ರೆಶರ್ ಜಾತಿ.

ಇದರ ಕೆಲಸ ಸರಳ. ಬಾಯಿ ಪೂರ್ತಿ ಮುಚ್ಚಿದ, ಹಿಗ್ಗದ ಹೊದಿಕೆ, ಒಳಗಿನ ಒತ್ತಡ ಯಾವಾಗಲೂ ಹೊರಗಿಗಿಂತ ತುಸು ಹೆಚ್ಚು. ತಂಪಾದರೆ ಒತ್ತಡ ಇಳಿಯುತ್ತದೆ, ಗಾತ್ರ ಬದಲಾಗುವುದಿಲ್ಲ. ಗಾತ್ರ ಬದಲಾಗದಿದ್ದರೆ ತೇಲುವ ಎತ್ತರವೂ ಬದಲಾಗದು. ಬೆಲೆ ತೆರುವುದು ಹೊದಿಕೆ. ವೇಗಾದಲ್ಲಿ ಈ ಹೆಚ್ಚುವರಿ ಒತ್ತಡ ಸುಮಾರು 30 ಮಿಲಿಬಾರ್. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಹೊದಿಕೆಯ ಪ್ರತಿ ಸೆಂಟಿಮೀಟರ್ ಅಗಲದ ಮೇಲೆ 2.7 ಕೆಜಿಯಷ್ಟು ಸೆಳೆತ. ಬಟ್ಟೆ ಇದನ್ನು ಸುಲಭವಾಗಿ ತಾಳುತ್ತದೆ, ಕಷ್ಟವಾಗುವುದು ಜೋಡಣೆಯ ಗೆರೆಗೆ.

ಇದರ ಮಿತಿಯನ್ನೂ ವೇಗಾ-2 ತೋರಿಸಿತು. ಸುಮಾರು 33 ಗಂಟೆ ಶಾಂತವಾಗಿ ಹಾರಿದ ಮೇಲೆ ಕೆಳಮುಖ ಗಾಳಿಗೆ ಸಿಕ್ಕಿ ಎರಡು ಮೂರು ಕಿಮೀ ಇಳಿಯಿತು, ಹೊರಗಿನ ಒತ್ತಡ 0.9 ಬಾರ್‌ವರೆಗೆ ಏರಿತು. ಒಳಗಿನ ಹೆಚ್ಚುವರಿ ಒತ್ತಡ ಹೊರಗಿನದರ ಶೇಕಡಾ 5 ರಿಂದ 6 ಮಾತ್ರ. ಆ ಎತ್ತರದಲ್ಲಿ ಸುಮಾರು 400 ಮೀಟರ್ ಇಳಿದರೆ ಅದು ಸೊನ್ನೆಯಾಗುತ್ತದೆ. ಅಲ್ಲಿಯವರೆಗೆ ಇಳಿದಷ್ಟೂ ಮೇಲಕ್ಕೆ ತಳ್ಳುವ ಬಲ ಬೆಳೆಯುತ್ತದೆ, ಅದರ ಕೆಳಗೆ ಹೊದಿಕೆ ಕುಗ್ಗತೊಡಗಿ ಆ ಬಲ ಬೆಳೆಯುವುದು ನಿಲ್ಲುತ್ತದೆ. ಆಮೇಲೆ ಬಲೂನು ಮೇಲೇರಬೇಕಾದರೆ ಗಾಳಿಯೇ ಬಿಡಬೇಕು. ವಿನ್ಯಾಸ ಮಾಡುವವರು ಈ 400 ಮೀಟರನ್ನು ತಮ್ಮ ಗಾತ್ರಕ್ಕೆ ಲೆಕ್ಕಹಾಕಿ ವರದಿಯ ಮೊದಲ ಪುಟದಲ್ಲಿ ಬರೆಯಬೇಕೆಂಬುದು ನಮ್ಮ ಒತ್ತಾಯ.

ಎರಡನೆಯ ಆಯ್ಕೆ ಬಲೂನಿನೊಳಗೆ ಬಲೂನು. ಒಳಗೊಂದು ಗಟ್ಟಿ ಸೂಪರ್‌ಪ್ರೆಶರ್ ಚೆಂಡು, ಹೊರಗೆ ಸಡಿಲವಾದ ಝೀರೋ ಪ್ರೆಶರ್ ಹೊದಿಕೆ, ನಡುವೆ ಪಂಪು ಮತ್ತು ಕವಾಟ. ಹೀಲಿಯಂ ಒಳಗೆ ಹೋದರೆ ಒಟ್ಟು ಗಾತ್ರ ಕುಗ್ಗಿ ಇಳಿಯುತ್ತದೆ, ಹೊರಗೆ ಬಿಟ್ಟರೆ ಏರುತ್ತದೆ. ನಾಸಾದ ಜೆಪಿಎಲ್ ಪ್ರಯೋಗಾಲಯ ಇದರ ಮೂರನೇ ಒಂದು ಗಾತ್ರದ ಮಾದರಿಯನ್ನು 2022ರ ಜುಲೈನಲ್ಲಿ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಎರಡು ಸಲ ಹಾರಿಸಿತು. ಗುರಿ ಶುಕ್ರದ 52 ರಿಂದ 62 ಕಿಮೀ ಪಟ್ಟಿ. ಇಲ್ಲಿಯೂ ರಾತ್ರಿಯ ಲೆಕ್ಕ ಬಿಡಬೇಡಿ: ಇಳಿಯಲು ಪಂಪು ಓಡಬೇಕು, ಅದಕ್ಕೆ ವಿದ್ಯುತ್ ಬೇಕು. ಏರಲು ಕವಾಟ ತೆರೆದರೆ ಸಾಕು. ಆದ್ದರಿಂದ ಇಳಿಯುವ ಕೆಲಸ ಸೌರಫಲಕಕ್ಕೆ ಬಿಸಿಲಿರುವಾಗ ಮುಗಿಯಬೇಕು. ಒಂದೇ ಎತ್ತರದ ಗಾಳಿ ಅಳೆಯುವುದಷ್ಟೇ ಉದ್ದೇಶವಾದರೆ ಈ ತೊಡಕು ಬೇಡ, ವೇಗಾದ ದಾರಿಯೇ ಸಾಕು. ಮೋಡದ ಪದರ ಪದರವನ್ನೂ ಮೂಸಿ ನೋಡಬೇಕಾದರೆ ಇದೇ ಬೇಕು.

ಮೋಡಗಳ ಕೆಳಗೆ ಇಳಿಯುವ ಆಸೆಗೆ ಪ್ಲಾಸ್ಟಿಕ್ ಒದಗುವುದಿಲ್ಲ. ನೆಲದ ಬಳಿ 460 ಡಿಗ್ರಿಗೂ ಹೆಚ್ಚು ತಾಪ, 90 ಬಾರ್‌ಗೂ ಮಿಕ್ಕ ಒತ್ತಡ. ಮಡಿಕೆಯ ಸ್ಟೀಲ್ ಬಲೂನು, ಅಮೋನಿಯಾ ಮತ್ತು ನೀರು ಮೇಲೆ ದ್ರವವಾಗಿ ಕೆಳಗೆ ಆವಿಯಾಗುತ್ತ ಏರಿಳಿಯುವ ಬಲೂನು, ಇವು ಪ್ರಸ್ತಾವಗಳಾಗಿವೆ. ವಿದ್ಯಾರ್ಥಿಗಳಿಗೆ ಲೆಕ್ಕದ ಮಟ್ಟದಲ್ಲಿ ಚೆನ್ನ.

ಹೊದಿಕೆಯ ಆಯ್ಕೆಯನ್ನು ಮಾತ್ರ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲೇ ನೋಡಬಹುದು, ನೋಡಲೇಬೇಕು. ಶುಕ್ರದ ಮೋಡದ ಹನಿ ಎಂದರೆ ಶೇಕಡಾ 75ರಿಂದ ಮೇಲಿನ ಗಂಧಕಾಮ್ಲ. ನಾಲ್ಕು ಪಟ್ಟಿ ಕತ್ತರಿಸಿ, ತಲಾ 1 ಸೆಂಮೀ ಅಗಲ, 10 ಸೆಂಮೀ ಉದ್ದ: ನೈಲಾನ್ ಬಟ್ಟೆ, ಪಾಲಿಯೆಸ್ಟರ್ ಹಾಳೆ, ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್, ನಲ್ಲಿ ಕೆಲಸದವರ ಟೆಫ್ಲಾನ್ ಟೇಪು. ಗಾಜಿನ ತಟ್ಟೆಯಲ್ಲಿಟ್ಟು ಪ್ರತಿಯೊಂದರ ನಡುವೆ ಒಂದು ಹನಿ ಗಾಢ ಆಮ್ಲ. ಹನಿ ಹಾಕುವ ಕೆಲಸ ಉಪನ್ಯಾಸಕರದು, ಕನ್ನಡಕ ಕೈಗವಸು ಕಡ್ಡಾಯ. ನೈಲಾನ್ ನೋಡುತ್ತಿದ್ದಂತೆ ಮೆತ್ತಗಾಗಿ ಕರಗುತ್ತದೆ. ಪಾಲಿಯೆಸ್ಟರ್ ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಪಾಲಿಥೀನ್ ಸಾಕಷ್ಟು ತಾಳುತ್ತದೆ. ಟೆಫ್ಲಾನ್‌ಗೆ ಏನೂ ಆಗುವುದಿಲ್ಲ. ಮರುದಿನ ಪಟ್ಟಿಗಳನ್ನು ಹೆಚ್ಚು ನೀರಿನಲ್ಲಿ ತೊಳೆದು, ತುದಿಗೆ ತೂಕ ಕಟ್ಟಿ, ಹರಿಯುವ ಬಲ ಬರೆದುಕೊಳ್ಳಿ. ಉಳಿದ ಆಮ್ಲವನ್ನು ನೀರಿಗೆ ಸುರಿಯಬೇಕು, ಆಮ್ಲಕ್ಕೆ ನೀರು ಹಾಕಬಾರದು, ಆಮೇಲೆ ಅಡುಗೆ ಸೋಡಾ ಹಾಕಿ ತಣಿಸಬೇಕು. ಹಾಗಾದರೆ ಎಲ್ಲವನ್ನೂ ಟೆಫ್ಲಾನ್‌ನಲ್ಲೇ ಮಾಡಿದರಾಯಿತಲ್ಲ ಎಂದರೆ, ಟೆಫ್ಲಾನ್‌ಗೆ ಅಂಟು ಹಿಡಿಯುವುದಿಲ್ಲ, ಅದು ಭಾರ, ಎಳೆದರೆ ಹಿಗ್ಗುತ್ತದೆ. ಆದ್ದರಿಂದಲೇ ಈಗಿನ ಮಾದರಿಗಳಲ್ಲಿ ಹೊರಗೆ ಆಮ್ಲಕ್ಕೆ ಟೆಫ್ಲಾನ್, ನಡುವೆ ಅನಿಲ ಸೋರದಂತೆ ಲೋಹ ಲೇಪಿಸಿದ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆ, ಒಳಗೆ ಬಲಕ್ಕೆ ವೆಕ್ಟ್ರಾನ್ ಎಂಬ ಗಟ್ಟಿ ನೂಲಿನ ನೇಯ್ಗೆ ಎಂದು ಪದರಗಳನ್ನು ಕೂಡಿಸುತ್ತಾರೆ.

ಮಂಗಳ: ರಾತ್ರಿಯೇ ಶತ್ರು

ನಾಸಾದ ವೈಕಿಂಗ್-1 ನೌಕೆ ಮಂಗಳದಲ್ಲಿ ಇಳಿದ ಜಾಗದಲ್ಲಿ ಗಾಳಿಯ ತಾಪ ಒಂದೇ ದಿನದಲ್ಲಿ ಶೂನ್ಯಕ್ಕಿಂತ 89 ಡಿಗ್ರಿ ಕೆಳಗಿನಿಂದ 31 ಡಿಗ್ರಿ ಕೆಳಗಿನವರೆಗೆ ಏರಿಳಿಯುತ್ತಿತ್ತು. ಮಂಗಳದ ಸೂಪರ್‌ಪ್ರೆಶರ್ ಬಲೂನಿಗೆ ನಿಯಮ ಒಂದೇ: ರಾತ್ರಿಗೆ ಸಾಲುವಷ್ಟು ಅನಿಲ ತುಂಬಿ, ಹಗಲಿಗೆ ತಾಳುವಷ್ಟು ಬಲ ಕೊಡಿ. 10 ಮೀಟರ್ ವ್ಯಾಸ, 12 ಮೈಕ್ರಾನ್ ಮೈಲಾರ್ ತೆಗೆದುಕೊಂಡರೆ ಹೀಲಿಯಂ ಎತ್ತುವುದು 7.1 ಕೆಜಿ, ಹೊದಿಕೆಯೇ 5.2 ಕೆಜಿ. ಉಳಿದದ್ದು 1.9 ಕೆಜಿ, ಅದರಲ್ಲಿ ಹಗ್ಗ, ಬ್ಯಾಟರಿ, ರೇಡಿಯೋ, ಉಪಕರಣ ಎಲ್ಲ ಬರಬೇಕು. ಮಂಗಳದಲ್ಲಿ ಹಾರಿದ ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರಿನ ಇಡೀ ತೂಕ 1.8 ಕೆಜಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇಷ್ಟು ತೆಳು ಹಾಳೆ ಹಾರುವಾಗ ಹರಿಯುವುದಕ್ಕಿಂತ, ಪ್ಯಾರಾಚೂಟಿನಡಿ ಇಳಿಯುತ್ತಲೇ ಕೆಲವೇ ನಿಮಿಷಗಳಲ್ಲಿ ಉಬ್ಬಿಸುವಾಗ ಹರಿಯುವ ಭಯ ಹೆಚ್ಚು. ತಿಂಗಳುಗಟ್ಟಲೆ ಮಡಿಚಿಟ್ಟ ಜಾಗದಲ್ಲಿ ಸೂಜಿತೂತು ಬೀಳುತ್ತವೆ, ಮಡಿಕೆಗಳು ಕೂಡುವ ಮೂಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು.

ಸೌರ ಬಲೂನು, ಅಂದರೆ ಕಪ್ಪು ಹೊದಿಕೆಯೊಳಗೆ ಅಲ್ಲಿನದೇ ಗಾಳಿಯನ್ನು ಬಿಸಿಲಿಗೆ ಕಾಯಿಸುವುದು, ಮಂಗಳಕ್ಕೆ ಎರಡನೆಯ ಆಯ್ಕೆ. ಸಿಲಿಂಡರ್ ಬೇಡ, ಸಣ್ಣ ತೂತಾದರೂ ಹೆದರಿಕೆಯಿಲ್ಲ. ಆದರೆ ಹೊರಗಿನ ಗಾಳಿಗಿಂತ ಒಳಗೆ 70 ಡಿಗ್ರಿ ಹೆಚ್ಚು ಬಿಸಿ ಎಂದುಕೊಂಡರೂ ಘನ ಮೀಟರಿಗೆ ನಾಲ್ಕು ಗ್ರಾಂ ಸಹ ಸಿಗುವುದಿಲ್ಲ, 10 ಕೆಜಿಗೆ 17 ಮೀಟರ್ ವ್ಯಾಸ. ಸೂರ್ಯ ಮುಳುಗಿದರೆ ಕಥೆ ಮುಗಿಯಿತು. ಬೇಸಿಗೆಯಲ್ಲಿ ಸೂರ್ಯ ಮುಳುಗದ ಧ್ರುವ ಪ್ರದೇಶಕ್ಕೆ ಮಾತ್ರ ಇದನ್ನು ಆರಿಸಿ.

ನಮಗೆ ಎಲ್ಲಕ್ಕಿಂತ ಬುದ್ಧಿವಂತ ಅನಿಸುವುದು ಫ್ರಾನ್ಸ್ ಮತ್ತು ಸೋವಿಯತ್ ತಂಡಗಳು ಕೂಡಿ ಯೋಚಿಸಿದ, ಮುಂದೂಡುತ್ತ ಹೋಗಿ ಕೊನೆಗೆ ರದ್ದಾದ ದಾರಿ: ನೆಲಕ್ಕೆ ಎಳೆದಾಡುವ ಹಗ್ಗ. ಹಗಲು ಬಲೂನು ಕೆಲವು ಕಿಮೀ ಮೇಲೆ ಹಾರುತ್ತದೆ. ರಾತ್ರಿ ಬಲ ಕುಗ್ಗಿ ಇಳಿದಾಗ ಉದ್ದನೆಯ ಭಾರದ ಹಗ್ಗದ ತುದಿ ನೆಲ ಮುಟ್ಟುತ್ತದೆ. ನೆಲ ಹೊತ್ತಷ್ಟು ಭಾರ ಬಲೂನಿಗೆ ಕಡಿಮೆಯಾಗುತ್ತದೆ, ಹೊದಿಕೆ ನೆಲಕ್ಕೆ ತಾಗದೆ ಅಲ್ಲೇ ನಿಲ್ಲುತ್ತದೆ. 10 ಕೆಜಿ ಬಲೂನಿಗೆ ರಾತ್ರಿ ಶೇಕಡಾ 10ರಷ್ಟು ಬಲ ಕಡಿಮೆಯಾದರೆ, ಮೀಟರಿಗೆ 100 ಗ್ರಾಂ ತೂಗುವ ಹಗ್ಗದ 10 ಮೀಟರ್ ನೆಲದ ಮೇಲೆ ಮಲಗಿದರೆ ಸಾಕು. ಅದೇ ಹಗ್ಗದಲ್ಲಿ ಮಣ್ಣನ್ನು ಅಳೆಯುವ ಉಪಕರಣಗಳನ್ನೂ ಕೂಡಿಸಬಹುದು.

ಕೆಡುವುದು ಹಗ್ಗ ಸಿಕ್ಕಿಕೊಂಡಾಗ. ಗಾಳಿ ಎಳೆಯುತ್ತದೆ, ಹಗ್ಗ ಬಿಡುವುದಿಲ್ಲ, ಬಲೂನು ಓರೆಯಾಗಿ ನೆಲಕ್ಕೆ ಬಡಿಯುತ್ತದೆ. ಈ ಪ್ರಯೋಗಕ್ಕೆ ಕಲಬುರಗಿ, ಬೀದರ್, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳಷ್ಟು ಒಳ್ಳೆಯ ನೆಲ ಬೇರೆ ಕಡೆ ಒಟ್ಟಿಗೆ ಸಿಗುವುದು ಕಷ್ಟ. ಮಾರ್ಚ್ ಏಪ್ರಿಲ್‌ನಲ್ಲಿ ಬಿರಿದ ಎರೆಹೊಲ, ಕೊಯ್ಲಾದ ತೊಗರಿಯ ಚೂಪು ಕೂಳೆ, ಶಹಾಬಾದ್ ಕಡೆಯ ಪರಸಿ ಕಲ್ಲಿನ ಖಣಿಯ ಅಂಚಿನ ಚೂರುಗಳು, ಬೀದರಿನ ಕೆಂಪು ಜಂಬಿಟ್ಟಿಗೆಯ ಹರಳು, ಯಾದಗಿರಿಯ ಕೊಯ್ದ ಭತ್ತದ ಗದ್ದೆ. ತಲಾ 5 ಮೀಟರ್ ಉದ್ದ, 500 ಗ್ರಾಂ ತೂಕದ ಮೂರು ಎಳೆ ಮಾಡಿಕೊಳ್ಳಿ: ನೈಲಾನ್ ಹೆಣಿಗೆ ಹಗ್ಗ, ಸಣ್ಣ ಸರಪಳಿ, ಮರಳು ತುಂಬಿ ಎರಡೂ ತುದಿ ಬೆಸೆದ ನುಣುಪು ಪ್ಲಾಸ್ಟಿಕ್ ಪೈಪು. ಸಾಮಾನು ತೂಗುವ ಕೊಕ್ಕೆಯ ತಕ್ಕಡಿಗೆ ಕಟ್ಟಿ ನಡಿಗೆಯ ವೇಗದಲ್ಲಿ 50 ಮೀಟರ್ ಎಳೆಯಿರಿ, ತಕ್ಕಡಿಯ ಮುಖವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಸರಾಸರಿ ಎಳೆತಕ್ಕಿಂತ ಗರಿಷ್ಠ ಎಳೆತ ಎಷ್ಟು ಪಟ್ಟು ಎಂಬ ಅನುಪಾತವನ್ನು ಬರೆದುಕೊಳ್ಳಿ. ಬಲೂನನ್ನು ಉರುಳಿಸುವುದು ಆ ಗರಿಷ್ಠ ಎಳೆತ. ಗಂಟು, ಬಳೆ, ಕೊಂಡಿ ಇರುವ ಎಳೆ ಕೂಳೆಯಲ್ಲಿ ಸಿಕ್ಕಿಬೀಳುತ್ತದೆ, ನುಣುಪಾದ, ತುದಿಗೆ ಸಣ್ಣದಾಗುವ ಎಳೆ ಜಾರಿ ಹೋಗುತ್ತದೆ.

ಟೈಟನ್: ಒಂದು ಡಿಗ್ರಿಯ ಬೆಲೆ

ಶನಿಯ ಈ ಉಪಗ್ರಹದಲ್ಲಿ ರಾತ್ರಿಯ ಚಿಂತೆ ಇಲ್ಲವೆನ್ನುವಷ್ಟು ಕಡಿಮೆ. ಒಂದು ದಿನಕ್ಕೆ ನಮ್ಮ 16 ದಿನ, ಆದರೂ ನೆಲದ ತಾಪದಲ್ಲಿ ಹಗಲಿಗೂ ಇರುಳಿಗೂ ದೊಡ್ಡ ವ್ಯತ್ಯಾಸವಿಲ್ಲ. ಬಿಸಿಲು ತೀರ ಕಡಿಮೆಯಾದ ಕಾರಣ ಸೌರ ಬಲೂನು ಆಗದು. ಬಿಸಿಗಾಳಿಯ ಬಲೂನು ಮಾತ್ರ ಅದ್ಭುತವಾಗಿ ಆಗುತ್ತದೆ. ಕಲಬುರಗಿಯಲ್ಲಿ ಒಳಗಿನ ಗಾಳಿಯನ್ನು ಒಂದು ಡಿಗ್ರಿ ಕಾಯಿಸಿದರೆ ಘನ ಮೀಟರಿಗೆ 3.6 ಗ್ರಾಂ ಎತ್ತುವ ಬಲ ಸಿಗುತ್ತದೆ, ಟೈಟನ್‌ನಲ್ಲಿ 57 ಗ್ರಾಂ. ಆದ್ದರಿಂದ ಪ್ಲುಟೋನಿಯಂ ವಿದ್ಯುತ್ ಘಟಕದ ವ್ಯರ್ಥ ಶಾಖವೇ ಸಾಕು. ಅಂಥ ಘಟಕ ನೂರು ಚಿಲ್ಲರೆ ವಾಟ್ ವಿದ್ಯುತ್ತಿಗಾಗಿ ಸುಮಾರು 2000 ವಾಟ್ ಶಾಖ ಬಿಡುತ್ತದೆ. ನಾಸಾ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಕೂಡಿ ಮಾಡಿದ ಅಧ್ಯಯನವೊಂದರಲ್ಲಿ 10.5 ಮೀಟರ್ ವ್ಯಾಸದ ಇಂಥ ಬಲೂನು 10 ಕಿಮೀ ಎತ್ತರದಲ್ಲಿ ತೇಲುವ ಯೋಜನೆ ಇತ್ತು. ಹೀಲಿಯಂ ಬಲೂನು ಚಿಕ್ಕದಾದರೂ ಆ ಚಳಿಯಲ್ಲಿ ಪ್ಲಾಸ್ಟಿಕ್ ಪೆಡಸಾಗಿ ಸೀಳು ಬೀಳಬಹುದು, ಸೋರಿದ ಹೀಲಿಯಂ ಮರಳಿ ಬಾರದು. ಬಿಸಿಗಾಳಿಯ ಬಲೂನಿನಲ್ಲಿ ಸೋರಿದ್ದನ್ನು ಹೊರಗಿನ ಗಾಳಿಯೇ ತುಂಬಿಕೊಡುತ್ತದೆ. ನಮ್ಮ ಮತ ಬಿಸಿಗಾಳಿಗೆ.

ಆದರೂ ಟೈಟನ್‌ಗೆ ನಿಜವಾಗಿ ಹೊರಡಲಿರುವುದು ಬಲೂನಲ್ಲ. 2019ರಲ್ಲಿ ಆಯ್ಕೆಯಾದ, 2028ರಲ್ಲಿ ಹಾರಬೇಕಿರುವ ನಾಸಾದ ಡ್ರ್ಯಾಗನ್‌ಫ್ಲೈ ರೆಕ್ಕೆ ತಿರುಗಿಸುವ ಯಂತ್ರ. ಒಂದು ಜಾಗದಲ್ಲಿ ಇಳಿದು, ಮಣ್ಣು ಕೊರೆದು, ಬೇಕಾದ ಮತ್ತೊಂದು ಜಾಗಕ್ಕೆ ಹೋಗಬೇಕಾದರೆ ಬಲೂನು ಆಗುವುದಿಲ್ಲ, ಗಾಳಿ ಹೋದಲ್ಲಿಗೇ ಅದೂ ಹೋಗುತ್ತದೆ. ನಿಮ್ಮ ವೈಜ್ಞಾನಿಕ ಪ್ರಶ್ನೆಗೆ ಇಂಥದ್ದೇ ಜಾಗ ಬೇಕೆಂದಿದ್ದರೆ ಬಲೂನನ್ನು ಕೈಬಿಡಿ. ಸಾವಿರಾರು ಕಿಮೀ ಉದ್ದಕ್ಕೂ ಏನಿದೆ ಎಂಬುದು ಪ್ರಶ್ನೆಯಾದರೆ ಬಲೂನಿಗೆ ಸಾಟಿಯಿಲ್ಲ.

ಇಲ್ಲಿ ಕಟ್ಟಿ ನೋಡಲು ಯಾವುದು

ಹವಾಮಾನ ಇಲಾಖೆಯವರು ಬಿಡುವಂಥ ಲೇಟೆಕ್ಸ್ ಬಲೂನು 30 ಕಿಮೀಗೂ ಮೇಲೇರಿ ಮಂಗಳದ ಒತ್ತಡಕ್ಕೆ ಹತ್ತಿರ ಹೋಗಿ ಒಡೆಯುತ್ತದೆ. ಉಪಕರಣವನ್ನು ಆ ಒತ್ತಡದಲ್ಲಿ ಪರೀಕ್ಷಿಸಲು ಒಳ್ಳೆಯದು, ತೇಲುವ ಪಾಠ ಅದರಲ್ಲಿಲ್ಲ. ಹುಟ್ಟುಹಬ್ಬದ ಫಾಯಿಲ್ ಬಲೂನು ಪುಟ್ಟ ಸೂಪರ್‌ಪ್ರೆಶರ್ ಮಾದರಿ: ನೆರಳಲ್ಲಿ ಸಡಿಲ, ಬಿಸಿಲಲ್ಲಿ ಬಿಗಿ, ತರಗತಿಗೆ ಸಾಕು. ಹೈಡ್ರೋಜನ್ ಅಗ್ಗವೆಂದು ಅದರ ಕಡೆ ಹೋಗಬೇಡಿ. ಗಾಳಿಯಲ್ಲಿ ಶೇಕಡಾ 4 ರಿಂದ 75ರವರೆಗೆ ಬೆರೆತರೂ ಅದು ಹೊತ್ತಿಕೊಳ್ಳುತ್ತದೆ, ಒಣ ಹವೆಯಲ್ಲಿ ಪ್ಲಾಸ್ಟಿಕ್ ಉಜ್ಜಿದ ಕಿಡಿಯೇ ಸಾಕು.

ನಮ್ಮ ಶಿಫಾರಸು ಹಗ್ಗಕ್ಕೆ ಕಟ್ಟಿದ ಸೌರ ಬಲೂನು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ತೆಳು ಪ್ಲಾಸ್ಟಿಕ್ಕಿಗೆ ಇದ್ದಿಲ ಪುಡಿ ಬಳಿದು ಇಂಥವನ್ನು 20 ಕಿಮೀ ಎತ್ತರಕ್ಕೆ ಹಾರಿಸುತ್ತಾರೆ. ಇಲ್ಲಿ ಇದ್ದಿಲೂ ಬೇಡ, ಕಲ್ಲಂಗಡಿ ಮತ್ತು ಮೆಣಸಿನಕಾಯಿ ಬೆಳೆಯುವವರು ಹಾಸುವ 25 ಮೈಕ್ರಾನ್ ಕಪ್ಪು ಮಲ್ಚಿಂಗ್ ಶೀಟ್ ಇದೆ. ಬೆಳ್ಳಿ ಬಣ್ಣದ ಮಗ್ಗುಲಿದ್ದರೆ ಅದು ಒಳಗೆ ಬರಲಿ, ಕಪ್ಪು ಹೊರಗೆ. ದಪ್ಪದಲ್ಲಿ ರಾಜಿ ಬೇಡ. ಡಿಸೆಂಬರಿನ ಮುಂಜಾನೆ 18 ಡಿಗ್ರಿಯಲ್ಲಿ, ಒಳಗೆ 20 ಡಿಗ್ರಿ ಹೆಚ್ಚು ಬಿಸಿಯಾದರೆ 3 ಮೀಟರ್ ಚೆಂಡು 1,040 ಗ್ರಾಂ ಎತ್ತುತ್ತದೆ. 25 ಮೈಕ್ರಾನ್ ಹೊದಿಕೆ ಸುಮಾರು 670 ಗ್ರಾಂ, ಬಾಯಿಯ ಬಳೆ ಮತ್ತು ದಾರ 60 ಗ್ರಾಂ, ಉಳಿಕೆ 310 ಗ್ರಾಂ. 50 ಮೈಕ್ರಾನ್ ತಂದರೆ ಹೊದಿಕೆಯೇ 1,330 ಗ್ರಾಂ, ನೆಲ ಬಿಟ್ಟು ಏಳುವುದಿಲ್ಲ. 25 ಮೈಕ್ರಾನಿನ ಅದೇ ಬಲೂನು ಮೇ ತಿಂಗಳ 40 ಡಿಗ್ರಿಯಲ್ಲಿ 175 ಗ್ರಾಂ ಉಳಿಸುತ್ತದೆ. ಬಿಸಿಲು ಹೆಚ್ಚಿದ್ದರೆ ಒಳ್ಳೆಯದೆಂಬ ಎಣಿಕೆ ಇಲ್ಲಿ ಸುಳ್ಳು. ಹೊರಗಿನ ಗಾಳಿಯೇ ತೆಳುವಾಗಿರುತ್ತದೆ, ಜೊತೆಗೆ ಬೇಸಿಗೆಯ ಸುಳಿಗಾಳಿ. ನವೆಂಬರ್ ಕೊನೆಯಿಂದ ಫೆಬ್ರವರಿಯ ಮುಂಜಾನೆಗಳೇ ಸರಿಯಾದ ಕಾಲ.

3 ಮೀಟರ್ ಚೆಂಡಿಗೆ 1.2 ಮೀಟರ್ ಅಗಲದ ಹಾಳೆಯಲ್ಲಿ, ನಡುವೆ ಅಗಲವಾಗಿ ಎರಡೂ ತುದಿಗೆ ಚೂಪಾಗುವ 8 ಎಸಳು ಕತ್ತರಿಸಬೇಕು, ಪ್ರತಿಯೊಂದೂ 4.71 ಮೀಟರ್ ಉದ್ದ. ಒಟ್ಟು ಸುಮಾರು 38 ಮೀಟರ್ ಹಾಳೆ. ಅಗಲ ತುದಿಯಿಂದ 59 ಸೆಂಮೀ ದೂರದಲ್ಲಿ 45 ಸೆಂಮೀ, 118ರಲ್ಲಿ 83, 177ರಲ್ಲಿ 109, ನಟ್ಟನಡುವೆ 118. ಇನ್ನರ್ಧ ಇದರ ಪ್ರತಿಬಿಂಬ. ಎರಡೂ ಬದಿಗೆ ಬೆಸುಗೆಗೆ ತಲಾ 1 ಸೆಂಮೀ ಬಿಟ್ಟರೆ ನಡುವಿನಲ್ಲಿ ಹಾಳೆಯ ಅಗಲ ಸರಿಯಾಗಿ ಮುಗಿಯುತ್ತದೆ. ಮೊದಲು ರಟ್ಟಿನಲ್ಲಿ ಒಂದು ಅಚ್ಚು ಮಾಡಿ, ಎಂಟೂ ಹಾಳೆ ಒಂದರ ಮೇಲೊಂದು ಹಾಸಿ ಒಮ್ಮೆಲೇ ಕತ್ತರಿಸಿದರೆ ಅಂಚುಗಳು ಕೂಡುತ್ತವೆ.

ಪಾರದರ್ಶಕ ಪ್ಯಾಕಿಂಗ್ ಟೇಪು ಅಂಟಿಸಬೇಡಿ. ಹೊದಿಕೆ ಕಾಯ್ದಾಗ ಅಂಟು ಜಾರುತ್ತದೆ, ಬಲೂನು ಮೇಲಿರುವಾಗಲೇ ಗೆರೆ ಬಿಚ್ಚುತ್ತದೆ. ಹಪ್ಪಳ, ಶೇಂಗಾ ಚಟ್ನಿಯ ಪ್ಯಾಕೆಟ್ಟು ಮುಚ್ಚುವ ಕೈ ಸೀಲರ್ ಬಳಸಿ. ಚೂರು ಹಾಳೆಯಲ್ಲಿ ಮೊದಲು ಪರೀಕ್ಷೆ: ಎಳೆದಾಗ ಬೆಸುಗೆ ಬಿಚ್ಚಿದರೆ ಶಾಖ ಕಡಿಮೆ, ಬೆಸುಗೆಯ ಪಕ್ಕದಲ್ಲೇ ಗೆರೆ ಕೊಯ್ದಂತೆ ಹರಿದರೆ ಶಾಖ ಹೆಚ್ಚು, ಹಾಳೆ ಬೇರೆ ಕಡೆ ಹಿಗ್ಗಿ ಹರಿದರೆ ಸರಿ. ಮೇಲಿನ ತುದಿಯಲ್ಲಿ ಎಂಟು ಎಸಳು ಕೂಡುವಲ್ಲಿ 20 ಸೆಂಮೀ ಬಿಲ್ಲೆಯೊಂದನ್ನು ಬೆಸೆಯಿರಿ. ಕೆಳಗೆ 50 ಸೆಂಮೀ ಬಾಯಿ ಬಿಟ್ಟು, ಬಿದಿರಿನ ತೆಳು ಬಳೆ ಕೂಡಿಸಿ, ನಾಲ್ಕು ದಾರಗಳನ್ನು ಬಳೆಯಿಂದ ತಂದು ಒಂದು ಗಂಟಿಗೆ ಸೇರಿಸಿ.

ಸೂರ್ಯ ಹುಟ್ಟಿ ಒಂದು ತಾಸಿನ ಒಳಗೆ ಕೂಳೆ ಇಲ್ಲದ ಬಯಲಿನಲ್ಲಿ ತಾಡಪತ್ರಿ ಹಾಸಿ, ಟೇಬಲ್ ಫ್ಯಾನಿನಿಂದ ಮುಕ್ಕಾಲು ತುಂಬಿಸಿ ಬಾಯಿಯನ್ನು ಕೆಳಗೆ ಹಿಡಿದು ಕಾಯಬೇಕು. ಪೂರ್ತಿ ತುಂಬಬೇಡಿ, ಉಳಿದದ್ದನ್ನು ಕಾಯ್ದ ಗಾಳಿ ಹಿಗ್ಗಿ ತುಂಬುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ಗಾಳಿಯೇ 3 ಮೀಟರ್ ಚೆಂಡನ್ನು 440 ಗ್ರಾಂ ಬಲದಿಂದ ಪಕ್ಕಕ್ಕೆ ತಳ್ಳುತ್ತದೆ, ಅದು ನಿಮ್ಮ ಉಳಿಕೆ ಬಲಕ್ಕಿಂತ ಹೆಚ್ಚು. ಎಲೆ ಅಲ್ಲಾಡತೊಡಗಿದರೆ ಇಳಿಸಿಬಿಡಿ. ಹೆಚ್ಚು ಭಾರ ಬೇಕಿದ್ದರೆ 11 ಎಸಳಿನ 4 ಮೀಟರ್ ಚೆಂಡು ಮಾಡಿ, ಅದೇ ಮುಂಜಾನೆ 1.2 ಕೆಜಿ ಉಳಿಸುತ್ತದೆ.

ಹಗ್ಗ ಬಿಚ್ಚಿ ಹಾರಿಸುವ ಯೋಚನೆಗೆ ವಿಮಾನಯಾನ ಇಲಾಖೆ ಡಿಜಿಸಿಎ ಮತ್ತು ವಾಯು ಸಂಚಾರ ನಿಯಂತ್ರಣದ ಲಿಖಿತ ಅನುಮತಿ ಬೇಕು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ, ವಿಮಾನ ಕಸರತ್ತಿನ ಸೂರ್ಯಕಿರಣ ತಂಡ ಅಲ್ಲಿಯದೇ. ಕಲಬುರಗಿಯಲ್ಲಿ 2019ರ ನವೆಂಬರಿನಿಂದ ವಿಮಾನ ನಿಲ್ದಾಣವಿದೆ. ಕಟ್ಟಿದ ಬಲೂನಾದರೂ ಇವೆರಡರ ಹತ್ತಿರ ಬೇಡ, ವಿದ್ಯುತ್ ತಂತಿಯ ಹತ್ತಿರ ಬೇಡವೇ ಬೇಡ. 30 ಮೀಟರ್ ಎತ್ತರ ಪಾಠಕ್ಕೆ ಸಾಕು, ಅದಕ್ಕೂ ಠಾಣೆಗೆ ಮೊದಲೇ ತಿಳಿಸಿ.

ಕೆಳಗೆ ಏನು ತೂಗಬೇಕು

ಉಳಿಕೆಯ 310 ಗ್ರಾಂನಲ್ಲಿ ಕ್ಯಾಮೆರಾಕ್ಕಿಂತ ಒತ್ತಡಮಾಪಕ ಹೆಚ್ಚು ಕಲಿಸುತ್ತದೆ. ಶುಕ್ರದ ನೆಲ ನಡುಗಿದರೆ ದಟ್ಟ ಗಾಳಿಯಿಂದಾಗಿ ಆ ಕಂಪನ ಭೂಮಿಗಿಂತ ಸುಮಾರು 60 ಪಟ್ಟು ಚೆನ್ನಾಗಿ ಮೇಲಕ್ಕೆ ಹರಿಯುತ್ತದೆ. ಮೋಡದಲ್ಲಿ ತೇಲುವ ಬಲೂನು ಕಿವಿಗೆ ಕೇಳದ ಆ ಮಂದ್ರ ಸದ್ದನ್ನು ಹಿಡಿದರೆ ನೆಲಕ್ಕೆ ಇಳಿಯದೆಯೇ ಗ್ರಹದ ಒಡಲು ತಿಳಿಯಬಹುದು. ಭೂಮಿಯ ಮೇಲೆ ಇದು ಸಾಧ್ಯವೆಂದು ಕಂಡದ್ದು 2019ರ ಜುಲೈ 22ರಂದು, ಕ್ಯಾಲಿಫೋರ್ನಿಯಾದ ರಿಡ್ಜ್‌ಕ್ರೆಸ್ಟ್ ಬಳಿಯ 4.2 ತೀವ್ರತೆಯ ಮರುಕಂಪನವನ್ನು ಹಾರುತ್ತಿದ್ದ ಬಲೂನು ಗುರುತಿಸಿದಾಗ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತ 2021ರಲ್ಲಿ ಮತ್ತೆ ಮತ್ತೆ ನೆಲ ನಡುಗಿದ್ದನ್ನು ಕಂಡ ಈ ಜಿಲ್ಲೆಯವರಿಗೆ ಇದು ದೂರದ ವಿಷಯವಲ್ಲ.

ಭೂಕಂಪಕ್ಕೆ ಕಾಯಬೇಕಿಲ್ಲ. ಸೇಡಂ, ಚಿತ್ತಾಪುರ, ವಾಡಿ ಸುತ್ತಿನ ಸುಣ್ಣದಕಲ್ಲಿನ ಖಣಿಗಳಲ್ಲಿ ಸ್ಫೋಟ ಮಾಡುತ್ತಾರೆ. ಖಣಿಯವರಿಂದ ಸಮಯ ಕೇಳಿಕೊಂಡು, ಕೆಲವು ಕಿಮೀ ಆಚೆ, ಅವರು ಹೇಳಿದ ಸುರಕ್ಷಿತ ದೂರದಲ್ಲಿ ಬಲೂನು ಏರಿಸಿ. ಒಂದೇ ಬಗೆಯ ಎರಡು ಡಿಜಿಟಲ್ ಒತ್ತಡಮಾಪಕಗಳನ್ನು ದಾರದಲ್ಲಿ 5 ಮೀಟರ್ ಅಂತರಕ್ಕೆ ಕಟ್ಟಿ, ಸೆಕೆಂಡಿಗೆ ಕನಿಷ್ಠ 50 ಸಲ ದಾಖಲಿಸಿ. ಬಲೂನು ಒಂದು ಮೀಟರ್ ಏರಿಳಿದರೂ ಒತ್ತಡ ಸುಮಾರು 11 ಪ್ಯಾಸ್ಕಲ್ ಬದಲಾಗುತ್ತದೆ, ದೂರದ ಸ್ಫೋಟದ ಸದ್ದು ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಬಲೂನಿನ ಓಲಾಟ ನಿಧಾನ, ಹಲವು ಸೆಕೆಂಡಿಗೊಮ್ಮೆ. ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ಏರಿಳಿತವನ್ನೆಲ್ಲ ಸೋಸಿ ತೆಗೆದರೆ ಸದ್ದು ಉಳಿಯುತ್ತದೆ. ಅದೇ ಅಲೆ ಎರಡೂ ಮಾಪಕಗಳಲ್ಲಿ ಹೆಚ್ಚೆಂದರೆ ಸೆಕೆಂಡಿನ ನೂರನೇ ಒಂದೂವರೆ ಭಾಗದ ಅಂತರದಲ್ಲಿ ಕಂಡರೆ ಅದು ಖಣಿಯಿಂದ ಬಂದದ್ದೆಂದು ನಂಬಬಹುದು. ಒಂದರಲ್ಲೇ ಕಂಡರೆ ಅದು ದಾರದ ನಡುಕ. ಮೂರನೆಯ ಮಾಪಕವನ್ನು ನೆಲದ ಮೇಲೆ, ಗಾಳಿ ತಾಗದಂತೆ ತೂತು ಕೊರೆದ ಡಬ್ಬಿಯೊಳಗೆ ಇಟ್ಟಿದ್ದರೆ ಹೋಲಿಸಲು ಇನ್ನೂ ಅನುಕೂಲ. ಮೂರರ ಗಡಿಯಾರವನ್ನೂ ಏರಿಸುವ ಮೊದಲು ಜಿಪಿಎಸ್ ಸಮಯಕ್ಕೆ ಹೊಂದಿಸಿ, ಇಳಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.